ಮದುವೆ ಊಟಕ್ಕೆ ಬಾಟಲಿ ಬೇಡ

ದೊಡ್ಡಬಳ್ಳಾಪುರ

ಅಪ್ಪನಿಗೆ ಬಿಂದುಶ್ರೀಯ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೌದು, ನನ್ನ ಮದುವೆ ಊಟಕ್ಕೆಂದು ಬಂದ ನೀರಿನ ಬಾಟಲಿಗಳನ್ನು ವಾಪಸ್ ಕಳಿಸಿದವಳು ನಾನೇ. ಅಕ್ಕನ ಮದುವೆಯ ಬಾಟಲಿಗಳನ್ನು ಛತ್ರದ ಹಿಂದೆ ಸುಟ್ಟಾಗ, ಆ ಹೊಗೆಗೆ ಅಮ್ಮ ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದನ್ನು ನಾನು ಮರೆತಿಲ್ಲ.

ದೇವನಹಳ್ಳಿಯಿಂದ ನನ್ನ ಅತ್ತೆಯಾಗುವವರು ಫೋನ್ ಮಾಡಿದ್ದರು. "ಏರ್‌ಪೋರ್ಟಲ್ಲಿ ಕೆಲ್ಸ ಮಾಡೋರೆಲ್ಲ ಬರ್ತಾರೆ. ಲೋಟದಲ್ಲಿ ನೀರು ಕೊಟ್ರೆ ನಮ್ಮ ಮರ್ಯಾದೆ ಏನಾಗ್ಬೇಕಮ್ಮಾ?" ಎಂದರು.

"ಬಾಟ್ಲಿ ಬಂದ್ರೆ ನಾನು ಹಸೆಮಣೆಗೆ ಬರಲ್ಲ" ಎಂದೆ.

ಇವತ್ತು ಬೆಳಿಗ್ಗೆ ಅವರು ಲೋಟಕ್ಕೆ ಒಪ್ಪಿದರು. ಆದರೆ ನಾನು ಹಾಗೆ ಮಾತಾಡಿದ್ದಕ್ಕೆ ನೀವು ಕ್ಷಮೆ ಕೇಳಬೇಕಂತೆ.

ಲಗ್ನಪತ್ರಿಕೆ ಹಂಚಿ ಹೊಸಕೋಟೆಯಿಂದ ಬರುವಾಗ ಸ್ಟೀಲ್ ಲೋಟಗಳನ್ನು ಬಾಡಿಗೆಗೆ ತನ್ನಿ. ಕ್ಷಮೆ ಮಾತ್ರ ಕೇಳಬೇಡಿ.

ನಿಮ್ಮ ಮಗಳು,
ಬಿಂದುಶ್ರೀ