ಮೂರನೆಯವಳ ಹೆಸರು

ಎಡಿಸನ್, ನ್ಯೂಜೆರ್ಸಿ
16 ಮಾರ್ಚ್ 2025

ಪ್ರೀತಿಯ ಗೌರಕ್ಕನಿಗೆ ನಿನ್ನ ತಂಗಿಯ ನಮಸ್ಕಾರ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಬಾಣಂತಿ ಇರುವ ಮನೆ ಹೇಗಿರುತ್ತದೆಂದು ನಿನಗೆ ಹೇಳಬೇಕೆ? ಇಲ್ಲಿ ಬಾತ್‌ಟಬ್ಬಿನೊಳಗೇ ಕಾಲು ಚಾಚಿ ಕೂತು ಮಗುವಿಗೆ ನೀರೆರೆಯುತ್ತೇನೆ. ಸಾಂಬ್ರಾಣಿ ಹೊಗೆ ಹಾಕಿದರೆ ಸೂರಿನ ಅಲಾರಂ ಕೂಗಿಕೊಳ್ಳುತ್ತದೆ. ಅಳಿಯ ಅತುಲ್ ಟವೆಲ್ ಹಿಡಿದು ಗಾಳಿ ಬೀಸುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನೀನೇ ಊಹಿಸಿಕೊಳ್ಳುತ್ತೀಯೆ. ಇದು ಹಾಗೆ ಕೇಳಿಸಿಕೊಳ್ಳುವ ವಿಷಯವಲ್ಲ.

ಲಾವಣ್ಯಾಳಿಗೆ ಮೂರನೆಯದೂ ಹೆಣ್ಣು ಎಂಬುದು ನಿನಗೆ ಗೊತ್ತು. ಹೆಸರು ಮಾತ್ರ ಹೇಳಿರಲಿಲ್ಲ. ಡೆಸಿರೇ. ನಗಬೇಡ, ಮೊದಲು ನಾನೂ ನಕ್ಕೆ.

ಮಗು ಹುಟ್ಟಿದ ಬೆಳಿಗ್ಗೆ ಅತುಲ್ ಆಸ್ಪತ್ರೆಯಿಂದಲೇ ಮೈಸೂರಿಗೆ ವಿಡಿಯೋ ಕಾಲ್ ಮಾಡಿದ. ಅವನ ತಂದೆ ಜಯರಾಮು ಮಗುವನ್ನು ನೋಡಿ, "ಮತ್ತೆ ಹೆಣ್ಣಾ? ಹೋಗ್ಲಿ ಬಿಡಮ್ಮಾ, ಬೇಜಾರ್ ಮಾಡ್ಕೋಬೇಡ" ಎಂದರು. ಒಳ್ಳೆಯವರೇ, ಸಮಾಧಾನಕ್ಕೆಂದೇ ಹೇಳಿದ್ದು. ಲಾವಣ್ಯಾ ಗೋಡೆಯ ಕಡೆ ತಿರುಗಿ ಮಲಗಿದಳು.

ಅಲ್ಲಿದ್ದ ನರ್ಸ್ ಹೈಟಿ ದೇಶದವಳು, ಎತ್ತರದ ಹೆಂಗಸು. ಅವರು ಏನಂದರು ಎಂದು ಇವಳನ್ನು ಕೇಳಿದಳು. ಇವಳು ಇಂಗ್ಲಿಷಿನಲ್ಲಿ ಹೇಳುತ್ತಲೇ ಆಕೆ ಜೋರಾಗಿ ನಕ್ಕು, ಎದೆಯ ಮೇಲಿದ್ದ ಹೆಸರಿನ ಬಿಲ್ಲೆಯನ್ನು ಮುಂದಕ್ಕೆ ಹಿಡಿದಳು. ಅದರಲ್ಲಿ ಡೆಸಿರೇ ಎಂದಿತ್ತು. ಅವಳ ಮಾತನ್ನೆಲ್ಲ ಲಾವಣ್ಯಾ ನನಗೆ ಕನ್ನಡದಲ್ಲಿ ಹೇಳಿದಳು. ಅವರ ದೇಶದಲ್ಲಿ ಫ್ರೆಂಚ್ ಹೆಸರುಗಳೇ ಹೆಚ್ಚಂತೆ. ಡೆಸಿರೇ ಎಂದರೆ ಬೇಕಾದವಳು, ಬಯಸಿ ಪಡೆದವಳು. ಫ್ರೆಂಚಿಗೂ ಮೊದಲು ಲ್ಯಾಟಿನ್ ಭಾಷೆಯಲ್ಲಿ ದೆಸಿದೆರಾತಾ ಎಂದಿತ್ತಂತೆ. ಹಿಂದಿನ ಕಾಲದ ಕ್ರೈಸ್ತರು ಬಹಳ ಕಾದು ಪಡೆದ ಮಕ್ಕಳಿಗೆ ಅದನ್ನು ಇಡುತ್ತಿದ್ದರಂತೆ.

"ನಾನು ನಮ್ಮಮ್ಮನಿಗೆ ಆರನೇ ಹೆಣ್ಣು" ಎಂದಳಂತೆ ಆ ನರ್ಸ್. "ಬೀದಿಯವರೆಲ್ಲ ಅಯ್ಯೋ ಪಾಪ ಅಂದ್ರು. ಅದಕ್ಕೇ ಅಮ್ಮ ಈ ಹೆಸರಿಟ್ಟಳು. ಇನ್ಮೇಲೆ ನನ್ನ ಕರೆಯೋವಾಗೆಲ್ಲ ಅವರ ಬಾಯಲ್ಲೇ ಬೇಕಾದವಳು ಅಂತ ಬರಲಿ, ಅಂತ."

ಲಾವಣ್ಯಾ ಈ ಕಡೆ ತಿರುಗಿ ಮಗುವನ್ನು ಎತ್ತಿಕೊಂಡಳು. ಹೆಸರು ಅಲ್ಲೇ ನಿಶ್ಚಯವಾಯಿತು.

ನಾಮಕರಣಕ್ಕೆ ಜಯರಾಮು ಮೈಸೂರಿನಿಂದ ಬಂದರು. ಪುರೋಹಿತರು ತಟ್ಟೆಯಲ್ಲಿ ಅಕ್ಕಿ ಹರಡಿದ್ದರು. ಅತುಲ್ ಉಂಗುರ ಹಿಡಿದು ಹೆಸರು ಬರೆಯಲು ಬಗ್ಗಿದ್ದ. ಆಗ ಬೀಗರು, "ಇದ್ಯಾವ ಹೆಸರಪ್ಪಾ? ನಮ್ಮೋರ ಬಾಯಲ್ಲಿ ತಿರುಗುತ್ತಾ? ಭಾಗ್ಯಲಕ್ಷ್ಮಿ ಅಂತ ಬರಿ" ಎಂದುಬಿಟ್ಟರು. ಅತುಲನ ಕೈ ನಿಂತಿತು.

ಲಾವಣ್ಯಾ ದನಿ ಎತ್ತರಿಸಲಿಲ್ಲ. "ಮಾವ, ಆವತ್ತು ಹೋಗ್ಲಿ ಬಿಡು ಅಂದ್ರಿ. ನನ್ನ ಮಗಳು ಹೋಗ್ಲಿ ಬಿಡು ಅನ್ನೋ ಮಗು ಅಲ್ಲ. ನಂಗೆ ಬೇಕಾಗಿ ಹುಟ್ಟಿದೋಳು. ಅದನ್ನೇ ಬರೀಬೇಕು."

ಅಕ್ಕಾ, ಬೀಗರ ಎದುರು ನಾನು ಯಾವತ್ತಾದರೂ ಬಾಯಿ ಬಿಟ್ಟಿದ್ದೇನೆಯೇ? ಆವತ್ತು ಬಿಟ್ಟೆ. "ಬೀಗರೇ, ಹೆಸರು ಸಾಯೋತನಕ ಹಿಂದೇನೇ ಬರುತ್ತೆ. ಮಗು ತಲೆ ಎತ್ಕೊಂಡು ಹೇಳೋ ಹಂಗಿರ್ಲಿ. ಅದನ್ನೇ ಬರೀಲಿ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ, "ಹೆಂಗೆ ಅದು, ಇನ್ನೊಂದ್ಸಲ ಹೇಳಿ" ಎಂದರು. ದೊಡ್ಡ ಮೊಮ್ಮಗಳು ವಿಭಾ ಮುಂದೆ ಬಂದು, "ಡೆ-ಸಿ-ರೇ ತಾತಾ, ಇಟ್ಸ್ ನಾಟ್ ಹಾರ್ಡ್!" ಎಂದಳು. ಅವರು ತಮ್ಮಷ್ಟಕ್ಕೇ ಹೇಳಿಕೊಂಡು, "ಅಯ್ಯೋ, ಒಳಗೆ ಸಿರಿ ಇದೆಯಲ್ರೀ! ನಾನು ಸಿರಿ ಅಂತೀನಿ" ಎಂದು ಅಕ್ಕಿ ತಟ್ಟೆಯನ್ನು ತಾವೇ ಮಗನ ಮುಂದೆ ಸರಿಸಿದರು.

ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದವಳು ನಾನೇ. ಮೊದಲು ನಾಲಿಗೆ ತೊಡರಿತು. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಆ ನರ್ಸ್ ಕೂಡ ಊಟಕ್ಕೆ ಬಂದಿದ್ದಳು. ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡಳು.

ಲಾವಣ್ಯಾ ಕ್ರ್ಯಾನ್‌ಬರಿ ಪಟ್ಟಣದ ಔಷಧಿ ಕಂಪನಿಯಲ್ಲಿ ಮ್ಯಾನೇಜರ್ ಆದಾಗ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗಿನ ಹೆಮ್ಮೆಯ ಮುಂದೆ ಅದು ಏನೂ ಅಲ್ಲ. ಇಂಥವಳನ್ನು ನಾನು ಹೆತ್ತೆನಲ್ಲಾ ಎಂದು ಒಬ್ಬಳೇ ಇದ್ದಾಗ ಎದೆ ತುಂಬಿ ಬರುತ್ತದೆ.

ಸಿರಿಗೆ ನಿನ್ನ ಆಶೀರ್ವಾದ ಬೇಕು. ಅಲ್ಲಿಂದಲೇ ಒಂದು ಸಲ ಬಾಯಿ ತುಂಬ ಕರೆದುಬಿಡು. ನಿನ್ನ ಮೊಮ್ಮಕ್ಕಳು ನೂರು ಕಾಲ ಸುಖವಾಗಿರಲಿ. ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಂಗಿ,
ಸಾಕಮ್ಮ

ಇನ್ನೊಂದು ಮಾತು: ನನಗ್ಯಾಕೆ ಈ ಹೆಸರು ಎಂದು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ನೀನು, "ಎಲ್ಲಾರ್ನೂ ಸಾಕೋಳು ಅಂತ ಕಣೇ" ಎನ್ನುತ್ತಿದ್ದೆ. ನಿಜ ನನಗೆ ಆಗಲೇ ಗೊತ್ತಿತ್ತು ಅಕ್ಕಾ. ಸೋದರತ್ತೆ ಹೇಳಿಬಿಟ್ಟಿದ್ದಳು. ನಾಲ್ಕನೆಯದೂ ಹೆಣ್ಣೆಂದು ತಿಳಿದು ಅಪ್ಪ ಒಳಗೂ ಬಾರದೆ, ಬಾಗಿಲಲ್ಲೇ ನಿಂತು "ಇನ್ನು ಸಾಕು" ಎಂದು ಹೊರಟುಹೋದರಂತೆ. ಆದರೂ ನಿನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ನಿನ್ನ ಬಾಯಿಂದ ಆ ಸುಳ್ಳನ್ನು ಕೇಳುವುದು ನನಗೆ ಬೇಕಾಗಿತ್ತು.