ಒಂದೇ ಪಾಠಕ್ಕೆ ಎರಡು ನೋಟಿಸು

ಶಿಕ್ಷಣ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಶಬೀನಾ ಅವರಿಗೆ ತಾವು ಒಂದೇ ದಿನ ಎರಡು ನೋಟಿಸು ಕಳಿಸಿದ್ದೀರಿ. ಲಾಕ್‌ಡೌನ್ ನಿಯಮ ಮುರಿದು ಮಕ್ಕಳಿಗೆ ಪಾಠ ಮಾಡಿದಿರಿ ಎಂಬುದು ಒಂದು. ಅದೇ ದಿನ, ಅದೇ ಹೊತ್ತಿನಲ್ಲಿ ಪಾಠ ಮಾಡಲಿಲ್ಲ ಎಂಬುದು ಇನ್ನೊಂದು. ಎರಡರ ಕೆಳಗೂ ತಮ್ಮದೇ ಸಹಿ. ಮಾಡಿಯೂ ಮಾಡದ ಆ ಪಾಠವನ್ನು ಕಣ್ಣಾರೆ ಕಂಡವನು ನಾನು. ಆದ್ದರಿಂದ ಈ ಪತ್ರ.

ನಾನು ಕುರಿ ಸಾಕುವವನು. ಮಗಳು ನೀಲಾಂಬಿಕ ಒಂದನೇ ತರಗತಿ. ಶಾಲೆ ಮುಚ್ಚಿದ ಮೇಲೆ, ಮಕ್ಕಳು ಮನೆಯಲ್ಲಿರಲಿ, ಶಿಕ್ಷಕರು ಶಾಲೆಗೆ ಬಂದು ಅಲ್ಲಿಂದ ಫೋನಿನಲ್ಲಿ ಕಲಿಸಲಿ ಎಂದು ತಾವು ಅಪ್ಪಣೆ ಮಾಡಿದಿರಿ. ಅಪ್ಪಣೆ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ, ಮನೆಗಳಲ್ಲೂ ಇಲ್ಲ. ಅದು ಸಿಗುವುದು ಅಂಬ್ಲಿಗೊಳದ ಕಾಲುವೆಯಾಚೆ ನಾನು ಕುರಿ ಮೇಯಿಸುವ ದಿಬ್ಬದ ಮೇಲೆ, ಅದೂ ಒಂದು ಹುಣಸೆಮರದ ಸುತ್ತ ಮಾತ್ರ. ಶಿಕಾರಿಪುರದಿಂದ ಸ್ಕೂಟಿಯಲ್ಲಿ ಬರುವ ಶಬೀನಾ ಮೇಡಂ ದಿಬ್ಬ ಹತ್ತಿದರು. ಅಪ್ಪನ, ಚಿಕ್ಕಪ್ಪನ ಫೋನು ಹಿಡಿದು ಮಕ್ಕಳೂ ಹತ್ತಿದರು.

ಮೇಡಂ ಒಂದು ಕಲ್ಲಿನ ಮೇಲೆ, ಮಕ್ಕಳು ಎದುರಿಗೇ ಮರದಡಿ. ಮುಖಾಮುಖಿ ಕೂತು ಫೋನಿನಲ್ಲಿ ಪಾಠ. ನೇರವಾಗಿ ಕಲಿಸಿದರೆ ಅಪರಾಧ, ಫೋನಿನೊಳಗಿಂದ ಕಲಿಸಿದರೆ ಕರ್ತವ್ಯ! ಅವರು ‘ಅ’ ಎಂದರೆ ಮೊದಲು ಗಾಳಿಯಲ್ಲಿ ಬರುತ್ತಿತ್ತು, ತುಸು ತಡೆದು ಫೋನಿನಲ್ಲಿ ಬರುತ್ತಿತ್ತು. ಅಷ್ಟರಲ್ಲಿ ಅವರು ‘ಆ’ ಎಂದಿರುತ್ತಿದ್ದರು. ಎರಡೂ ಡಿಕ್ಕಿ ಹೊಡೆಯುತ್ತಿದ್ದವು. ಫೋನುಗಳೆಲ್ಲ ಒಟ್ಟಿಗೇ ಕುಂಯ್‌ಗುಟ್ಟಿ ನನ್ನ ಕುರಿಗಳು ದಿಕ್ಕಾಪಾಲಾದವು. ಒಂದು ಟಗರಂತೂ ಆ ವಾರವಿಡೀ ದಿಬ್ಬದ ಕಡೆ ಸುಳಿಯಲಿಲ್ಲ.

“ಅಕ್ಕೋರೇ, ಬಾಯಿಂದ ಹೇಳಿದ್ದಕ್ಕೆ ಉತ್ತರ ಕೊಡ್ಬೇಕಾ, ಫೋನಿಂದ ಹೇಳಿದ್ದಕ್ಕಾ?” ಎಂದು ನೀಲಾಂಬಿಕ ಕೇಳಿದಳು.

“ಫೋನಿಂದ ಹೇಳಿದ್ದಕ್ಕೆ ಕೊಡು ಪುಟ್ಟಿ. ಸರ್ಕಾರಕ್ಕೆ ಕೇಳ್ಸೋದು ಅದೇ” ಎಂದರು ಮೇಡಂ.

ಒಂದು ದಿನ ದಿಬ್ಬದ ಮೇಲೂ ನೆಟ್‌ವರ್ಕ್ ಹೋಯಿತು. ಮೇಡಂ ಫೋನು ಆರಿಸಿ, ಮಾಸ್ಕು ಸರಿಮಾಡಿಕೊಂಡು, ಮಕ್ಕಳನ್ನು ದೂರ ದೂರ ಕೂರಿಸಿ, ನನ್ನ ಕೋಲು ಇಸಿದುಕೊಂಡು ಮಣ್ಣಿನ ಮೇಲೆ ಅಕ್ಷರ ಬರೆದರು. ತಿಂಗಳುಗಟ್ಟಲೆ ಫೋನು ದಿಟ್ಟಿಸಿಯೂ ಏನೂ ಕಲಿಯದಿದ್ದ ನನ್ನ ಮಗಳು ಅಂದು ‘ನೀಲಾ’ ಎಂದು ಬರೆದಳು. ಬರೆದು, ಕುರಿ ತುಳಿಯದಂತೆ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕಾವಲು ಕೂತಳು. ತಮ್ಮ ತಪಾಸಣೆಯ ಜೀಪು ಬಂದದ್ದು ಆಗಲೇ. ಇಳಿದವರು ಫೋಟೊ ತೆಗೆದರು, ಅಕ್ಷರದ್ದಲ್ಲ, ಗುಂಪಿನದು.

ರೋಗದ ಭಯ ನನಗಿಲ್ಲವೆಂದು ತಿಳಿಯಬೇಡಿ. ನನ್ನ ಸೋದರಮಾವ ಅದರಲ್ಲೇ ಹೋದರು, ಹೆಣದ ಮುಖವನ್ನೂ ನೋಡಲಾಗಲಿಲ್ಲ. ಗುಂಪೇ ಬೇಡವೆಂದರೆ ತಲೆಬಾಗುತ್ತೇನೆ. ಆದರೆ ಫೋನು ಹಚ್ಚಿದ್ದಾಗ ಅಂಟದ ರೋಗ, ಆರಿಸಿದ ಕೂಡಲೇ ಅಂಟುತ್ತದೆಯೇ?

ನೋಟಿಸು ಬಂದಾಗ ತಮ್ಮ ಕಚೇರಿಗೆ ಫೋನು ಮಾಡಿ, “ಎರಡ್ರಲ್ಲಿ ಯಾವ್ದು ನಿಜ ಸ್ವಾಮಿ?” ಎಂದು ಕೇಳಿದೆ.

“ಎರಡೂ ನಿಜ ಕಣ್ರೀ. ಗುಂಪು ಸೇರ್ಸಿದ್ದು ಒಂದು ಟೇಬಲ್ಲು, ಆನ್‌ಲೈನ್ ಹಾಜರಾತಿ ಸೊನ್ನೆ ಬಿದ್ದಿದ್ದು ಇನ್ನೊಂದು ಟೇಬಲ್ಲು” ಎಂದರು ಗುಮಾಸ್ತರು. ಆಮೇಲೆ ದನಿ ತಗ್ಗಿಸಿ ಉಪಾಯವನ್ನೂ ಹೇಳಿಕೊಟ್ಟರು: “ಅವತ್ತು ನಾನು ಬಂದೇ ಇರ್ಲಿಲ್ಲ ಅಂತ ಮೇಡಮ್ಮು ಬರ್ಕೊಡ್ಲಿ. ಎರಡೂ ಬಿದ್ದೋಗ್ತವೆ. ಒಂದು ರಜಾ ಹಾಕಿದ್ರೆ ಮುಗೀತು.”

ಬಂದ ಶಿಕ್ಷಕಿಯದು ಎರಡು ಅಪರಾಧ, ಬಾರದ ಶಿಕ್ಷಕಿ ನಿರಪರಾಧಿ! ಈ ನ್ಯಾಯವನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೆ ಮಾನ್ಯರೇ?

ಉಪಾಯ ತಿಳಿಸಿದಾಗ ಶಬೀನಾ ಮೇಡಂ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. “ಬಂದಿರ್ಲಿಲ್ಲ ಅಂತ ಹೆಂಗ್ ಬರೀಲಿ ಅಣ್ಣಾ? ನಿಮ್ಮ ಹುಡ್ಗಿ ಹೆಸರು ಬರ್ದಿದ್ದು ನೋಡಿದೀನಲ್ಲ.” ನಡೆದದ್ದನ್ನು ನಡೆದ ಹಾಗೇ ಬರೆದುಕೊಟ್ಟರು. ಅದರ ಫಲವಾಗಿ ಈಗ ಸೊರಬದ ರಸ್ತೆಯ ಚೆಕ್‌ಪೋಸ್ಟಿನಲ್ಲಿ ನಿಂತು ಲಾರಿಗಳ ನಂಬರು ಬರೆದುಕೊಳ್ಳುತ್ತಿದ್ದಾರೆ. ಅಲ್ಲಿ ಜನ ಮುತ್ತಿಕೊಂಡರೆ ಅಡ್ಡಿಯಿಲ್ಲವಂತೆ.

ಅವರ ಬದಲಿಗೆ ತಾವು ವಿಡಿಯೊ ಕಳಿಸಿದ್ದೀರಿ. ಮಕ್ಕಳು ಅದೇ ಮರದಡಿ ಒತ್ತೊತ್ತಾಗಿ ಕೂತು ನೋಡುತ್ತಾರೆ. ಹಾಜರಾತಿ ಭರ್ತಿಯಾಗಿದೆ; ಜೀಪು ಮತ್ತೆ ಬಂದಿಲ್ಲ. ನಿನ್ನೆ ನಾನೂ ಇಣುಕಿದೆ. ಅದರೊಳಗಿನ ಮೇಷ್ಟ್ರು ಕಾಗುಣಿತವನ್ನು ಓಡಿಸಿಬಿಟ್ಟು, “ಅರ್ಥವಾಯಿತೇ ಮಕ್ಕಳೇ?” ಎಂದರು.

ನೀಲಾಂಬಿಕ ಕೈ ಎತ್ತಿ, “ಆಗ್ಲಿಲ್ಲ ಸಾರ್” ಎಂದಳು.

“ಶಹಬ್ಬಾಸ್!” ಎಂದು ಮೇಷ್ಟ್ರು ಮುಂದಿನ ಪಾಠಕ್ಕೆ ಹೋದರು. ಅವಳು ಎತ್ತಿದ ಕೈ ಇಳಿಸಲೇ ಇಲ್ಲ.

ಎರಡೂ ನೋಟಿಸುಗಳನ್ನು ಹಿಂದಕ್ಕೆ ಪಡೆಯಿರಿ. ಮೇಡಂ ಅವರನ್ನು ದಿಬ್ಬಕ್ಕೆ ಕಳಿಸಿ, ಮಕ್ಕಳನ್ನು ದೂರ ದೂರ ಕೂರಿಸಿ ಬಾಯಿಂದಲೇ ಕಲಿಸಲು ಅಪ್ಪಣೆ ಕೊಡಿ. ಅದಾಗದಿದ್ದರೆ ತಾವೇ ಬನ್ನಿ. ಬಂದು, ಕೈ ಎತ್ತಿ ಕೂತಿರುವ ಆ ಹುಡುಗಿಗೆ ಏನಾದರೂ ಒಂದು ಉತ್ತರ ಹೇಳಿ ಹೋಗಿ.

ಇಂತಿ,
ಯಾವ ಟೇಬಲ್ಲಿಗೂ ಸೇರದ ಸಾಕ್ಷಿ,
ನೀಲಾಂಬಿಕಳ ಅಪ್ಪ ಚಂದ್ರಶೇಖರಪ್ಪ