ಕಾವುಪೆಟ್ಟಿಗೆಗೆ ಇಟ್ಟ ನೀರು

ಸುಂಟಿಕೊಪ್ಪ
ತಾ. ೨೮-೮-೧೯೫೩

ಚಿ. ಸೌ. ಸರೋಜಳಿಗೆ ಸೋಮಯ್ಯ ಮಾವನ ಆಶೀರ್ವಾದಗಳು.

ನಾವಿಬ್ಬರೂ ಉಂಡುಟ್ಟುಕೊಂಡು ಇದ್ದೇವೆ. ಹುದಿಕೇರಿಯಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. "ಮರಿ ಬಂದವಾ ಮಾವ?" ಅಂತ ನೀನು ಎರಡು ಸಲ ಕೇಳಿ ಬರೆದೆ. ಉತ್ತರಕ್ಕೆ ಕೂತಾಗಲೆಲ್ಲ ಕೈ ಓಡಲಿಲ್ಲ, ಕೋಪ ಮಾಡಬೇಡ. ಒಂದೂ ಬದುಕಲಿಲ್ಲ ಮಗಳೇ. ಒಂದೂ.

ಜಡ್ಡು ಬಂದು ನಿನ್ನ ಕೋಳಿಗಳೆಲ್ಲ ಸತ್ತ ಮೇಲೆ ಆ ತಳಿಯಲ್ಲಿ ಉಳಿದದ್ದು ಆ ಒಂದು ಬುಟ್ಟಿ ಮೊಟ್ಟೆ. ಅದು ಗೊತ್ತಿದ್ದೇ, "ಬಸ್ಸಿಗೆ ಹಾಕು, ನಾನಿದ್ದೇನೆ" ಅಂದವನು ನಾನು. ಕಾಫಿ ತೋಟದ ಬಿಳಿ ದೊರೆ ತನ್ನ ಲಂಡನ್ನಿಗೆ ಹೋಗುವಾಗ ತನ್ನ ಕಾವುಪೆಟ್ಟಿಗೆಯನ್ನು ನನಗೇ ಕೊಟ್ಟು ಹೋದ. ಸುಂಟಿಕೊಪ್ಪದಲ್ಲಿ ಅಂಥದ್ದು ಇನ್ನೊಬ್ಬನ ಮನೆಯಲ್ಲಿಲ್ಲ, ಈಗಲೂ ಹೇಳುತ್ತೇನೆ. ಸೀಮೆಎಣ್ಣೆ ದೀಪ ಹಚ್ಚಿಟ್ಟರೆ ಹೇಂಟೆಯ ಕೆಲಸ ಅದೇ ಮಾಡುತ್ತದೆ. "ಒಳಗಿನ ತಟ್ಟೆಯ ನೀರು ಒಣಗಬಾರದು" ಅಂದಿದ್ದ ದೊರೆ. ಒಣಗಲು ಬಿಡಲೇ ಇಲ್ಲ. ಥಂಡಿಗಾಳಿ ಹೊಗದ ಹಾಗೆ ಪೆಟ್ಟಿಗೆಯ ತೂತುಗಳಿಗೆ ಕಂಬಳಿ ಚೂರು ತುರುಕಿದೆ.

"ಬಟ್ಟೆಯೇ ಒಣಗದ ಈ ಆಟಿ ತಿಂಗಳ ಮಳೆಯಲ್ಲಿ ಅದಕ್ಕೆ ಇನ್ನೂ ನೀರು ಯಾಕೆ?" ಅಂದಳು ನಿನ್ನ ಅತ್ತೆ.

"ಲಂಡನ್ನಿನ ಪೆಟ್ಟಿಗೆಗೆ ನಿನ್ನ ಒಲೆ ಬುದ್ಧಿ ಬೇಡ" ಅಂದೆ.

ಟಾರ್ಚಿಗೆ ಹಿಡಿದರೆ ಮೊಟ್ಟೆಯೊಳಗೆ ಪೂರ್ತಿ ಕಪ್ಪು. ಮೇಲುಗಡೆ ಗಾಳಿಗೆ ಉಗುರಿನಷ್ಟೇ ಜಾಗ. "ನೋಡೇ ಪೂವಮ್ಮ, ಎಂಥಾ ದಪ್ಪ ಮರಿ! ಒಳಗೆ ಜಾಗ ಸಾಲುತ್ತಿಲ್ಲ" ಅಂತ ನಿನ್ನ ಅತ್ತೆಯ ಎದುರು ಕೊಚ್ಚಿಕೊಂಡೆ.

ಒಡೆಯುವ ದಿನ ಕಳೆಯಿತು, ಮಾರನೆಯ ದಿನವೂ ಕಳೆಯಿತು. ದನದ ಡಾಕ್ಟರನ್ನು ಕರೆಸಿದೆ. ಅವರು ಜಗಲಿಯಲ್ಲಿ ಕೂತು ಒಂದನ್ನು ಒಡೆದರು. ಕೊಕ್ಕು, ಉಗುರು, ಪುಕ್ಕ ಎಲ್ಲ ಬಂದಿದ್ದ ಪೂರಾ ಮರಿ. ಅದರ ಮೂಗಿನಿಂದ ನೀರು ಇಳಿಯಿತು.

"ಮೊಟ್ಟೆಯ ನೀರು ದಿನಾ ಒಂಚೂರು ಆರಬೇಕು ಸೋಮಯ್ಯನವರೇ. ಆರಿದಷ್ಟು ಗಾಳಿಗೆ ಜಾಗ. ಮರಿ ಮೊದಲ ಉಸಿರು ಎಳೆಯುವುದು ಅಲ್ಲೇ. ದೊರೆ ಹೇಳಿದ್ದು ಬೇಸಿಗೆಗೆ. ನೀವು ಮಳೆಗಾಲದಲ್ಲಿ ನೀರಿಟ್ಟು, ತೂತನ್ನೂ ಮುಚ್ಚಿ, ಇವನ್ನು ಚಿಪ್ಪಿನೊಳಗೇ ಮುಳುಗಿಸಿದ್ದೀರಿ."

"ಮೊಟ್ಟೆಯೊಳಗೆ ಮುಳುಗುವುದುಂಟಾ ಸ್ವಾಮಿ?" ಅಂತ ನಗಲು ನೋಡಿದೆ. ಅವರು ಇನ್ನೊಂದು ಒಡೆದರು. ಮತ್ತೊಂದು. ಎಲ್ಲವೂ ಹಾಗೇ. "ಸಾಕು ಡಾಕ್ಟ್ರೇ" ಅಂದಳು ನಿನ್ನ ಅತ್ತೆ. ನಾನು ಪೆಟ್ಟಿಗೆಯ ತೂತುಗಳಿಂದ ಕಂಬಳಿ ಚೂರು ಒಂದೊಂದೇ ಕಿತ್ತೆ. ಎಲ್ಲ ಮುಗಿದ ಮೇಲೆ, ಸರೋಜ!

ಬರುವ ವಾರ ನಮ್ಮ ಕೆಂಪು ಹೇಂಟೆಯನ್ನು ಮರಿಗಳ ಸಮೇತ ತರುತ್ತೇನೆ. ನಿನ್ನ ತಳಿಯಲ್ಲ, ಗೊತ್ತು. ಬೈಯುವುದಿದ್ದರೆ ನಿನ್ನ ಗಂಡನ ಎದುರಿಗೇ ಬೈಯಿ. ದೇವರು ನಿನ್ನ ಮನೆ ತುಂಬಿಸಲಿ.

ಇತಿ ನಿನ್ನ ಮಾವ,
ಸೋಮಯ್ಯ

ತಾ.ಕ.: ಒಂದನ್ನು ಬರೆಯಲಾಗದೆ ಬಿಟ್ಟಿದ್ದೆ. ಡಾಕ್ಟರು ಬರುವ ಹಿಂದಿನ ದಿನ ಮೊಟ್ಟೆಗಳೊಳಗಿಂದ ಚಿಂವ್ ಚಿಂವ್ ಕೇಳಿಸಿತು. ಅಂಗಡಿಯ ರೇವಣ್ಣನನ್ನೂ ಅಲ್ಲಿ ಕೂತಿದ್ದವರನ್ನೂ ಎಳೆದು ತಂದೆ. ಒಬ್ಬೊಬ್ಬರ ಕಿವಿಯನ್ನೂ ಪೆಟ್ಟಿಗೆಗೆ ಒತ್ತಿಸಿ, "ಕೇಳಿ, ಸೋಮಯ್ಯನ ಮರಿಗಳು ಹಾಡುತ್ತಿವೆ" ಅಂದೆ. ಎಲ್ಲರೂ ನಕ್ಕರು, ಬೆನ್ನು ತಟ್ಟಿದರು. ಅವರು ಕಾಫಿ ಕುಡಿಯುತ್ತಿದ್ದ ಹಾಗೆ ದನಿ ಒಂದೊಂದೇ ನಿಂತಿತು. "ಮಲಗಿದವು, ಮೆಲ್ಲಗೆ ಮಾತಾಡಿ" ಅಂದೆ ಮಗಳೇ, ಎಲ್ಲರಿಗೂ.